ವೆಬ್ ಫೀಡ್‌ನಲ್ಲಿ ಬಳಕೆ ಪರವಾನಗಿಯ ನಮೂದು: ಗ್ರಾಮ ಪಂಚಾಯತಿ ಸದಸ್ಯರ ತಿಳಿವಳಿಕೆಗಾಗಿ

ಜಾಲತಾಣದ ಹೊಸ ಪ್ರಕಟಣೆಗಳನ್ನು ಇತರ ತಾಣಗಳು ತಾವಾಗಿಯೇ ಪಡೆಯಲು ಸಿದ್ಧಪಡಿಸುವ ಕಡತವೇ ವೆಬ್ ಫೀಡ್. ಗ್ರಾಮಸಭೆಯ ಸೂಚನೆ, ಕಾಮಗಾರಿ ಪಟ್ಟಿ, ಛಾಯಾಚಿತ್ರ ಇತ್ಯಾದಿಗಳು ಇದರ ಮೂಲಕ ಬೇರೆಡೆ ತಲುಪುತ್ತವೆ. ಆದರೆ ಮೂಲ ಪುಟದ ಅಡಿಯಲ್ಲಿ ಬರೆದ ಬಳಕೆಯ ಷರತ್ತು ಅಲ್ಲಿಯೇ ಉಳಿಯುತ್ತದೆ. ಕೃತಿಸ್ವಾಮ್ಯ ಅಧಿನಿಯಮ, 1957ರ ಮೇರೆಗೆ, ಷರತ್ತು ಕಾಣದಿದ್ದ ಮಾತ್ರಕ್ಕೆ ಕೃತಿಯ ಹಕ್ಕು ಇಲ್ಲವಾಗದು.

ಇದಕ್ಕೆ ಪರಿಹಾರವೆಂದರೆ, ಪರವಾನಗಿಯ ಜಾಲವಿಳಾಸವನ್ನು ತಂತ್ರಾಂಶವು ಗುರುತಿಸಬಲ್ಲ ರೂಪದಲ್ಲಿ ಫೀಡ್‌ನೊಳಗೇ ನಮೂದಿಸುವುದು. ಆಟಂ ಫೀಡ್‌ಗಳಿಗೆ 2007ರ ಆರ್‌ಎಫ್‌ಸಿ 4946 ದಸ್ತಾವೇಜು ಇದರ ಕ್ರಮವನ್ನು ವಿವರಿಸುತ್ತದೆ. ಆರ್‌ಎಸ್‌ಎಸ್ ಫೀಡ್‌ಗಳಿಗೆ ಕ್ರಿಯೇಟಿವ್ ಕಾಮನ್ಸ್ ವಿಸ್ತರಣೆ ಇದೆ. ಪ್ರಕಟಣೆಗಳು ಬಿಡಿಬಿಡಿಯಾಗಿ ಸಾಗುವುದರಿಂದ ಪ್ರತಿಯೊಂದಕ್ಕೂ ಪ್ರತ್ಯೇಕ ನಮೂದು ಸೂಕ್ತ.

ಸದಸ್ಯರು ಗಮನಿಸತಕ್ಕ ಅಂಶಗಳು:

1. ಪರವಾನಗಿ ನೀಡುವ ಅಧಿಕಾರ ಹಕ್ಕುದಾರರದು. ಗುಡೂರಿನ ಮಗ್ಗದ ಚಿತ್ರವನ್ನು ಹವ್ಯಾಸಿಯೊಬ್ಬರು ತೆಗೆದು ಕೊಟ್ಟಿದ್ದರೆ, ಅವರ ಲಿಖಿತ ಒಪ್ಪಿಗೆ ಪಡೆಯದೆ ಅದಕ್ಕೆ ಮುಕ್ತ ಪರವಾನಗಿ ನಮೂದಿಸುವಂತಿಲ್ಲ.

2. ಕ್ರಿಯೇಟಿವ್ ಕಾಮನ್ಸ್ ಪರವಾನಗಿಯನ್ನು ಒಮ್ಮೆ ನೀಡಿದ ಬಳಿಕ ಹಿಂಪಡೆಯಲಾಗದು. ಆದುದರಿಂದ ಮುಂಚಿತವಾಗಿ ಸಭೆಯಲ್ಲಿ ಚರ್ಚಿಸಿ ನಿರ್ಣಯಿಸುವುದು ಕ್ಷೇಮ.

3. ಭಾರತ ಸರ್ಕಾರವು 2017ರಲ್ಲಿ ಪ್ರಕಟಿಸಿದ ಮುಕ್ತ ದತ್ತಾಂಶ ಪರವಾನಗಿಯನ್ನು ಮಾದರಿಯಾಗಿ ಪರಿಶೀಲಿಸಬಹುದು. ಅದರಂತೆ ಮರುಬಳಸುವವರು ಮೂಲವನ್ನು ಉಲ್ಲೇಖಿಸಬೇಕು. ವೈಯಕ್ತಿಕ ಮಾಹಿತಿಯು ಅದರ ವ್ಯಾಪ್ತಿಗೆ ಒಳಪಡುವುದಿಲ್ಲ.

4. ಫಲಾನುಭವಿಗಳ ಆಧಾರ್, ಬ್ಯಾಂಕ್ ಖಾತೆ ಹಾಗೂ ಮೊಬೈಲ್ ಸಂಖ್ಯೆಗಳು ಫೀಡ್‌ಗೆ ಸೇರಲೇಬಾರದು. ಹರಡಿದ ಪ್ರತಿಗಳನ್ನು ಯಾವ ಪರವಾನಗಿಯೂ ಮರಳಿ ತರಲಾರದು.