ನಾಲ್ಕು ನಿಲ್ದಾಣ, ಒಂದು ಹೊಳೆ

ಧಾರವಾಡದಿಂದ ಅಕ್ಕನ ಮಕ್ಕಳಿಬ್ಬರು ರಜೆಗೆಂದು ವಿಠ್ಠಲವಾಡಿಗೆ ಬಂದಿದ್ದರು. ಕರ್ನಾಟಕದ ರಜೆಯೂ ಮಹಾರಾಷ್ಟ್ರದ ರಜೆಯೂ ಒಂದಕ್ಕೊಂದು ಸಿಗುವುದು ಮೇ ತಿಂಗಳಲ್ಲಿ. ಮುಂಬಯಿ ಸೀಮೆಯ ಕನ್ನಡ ಮನೆಗಳಲ್ಲಿ ಆಗ ಹಾಸಿಗೆ ಸಾಲದಷ್ಟು ಮಕ್ಕಳು. ಮೊದಲ ದಿನವೇ ಚಿಕ್ಕವನು ಕೇಳಿದ: "ಮಾಮಾ, ಮುಂದಿನ ಸ್ಟೇಶನ್ ಕಲ್ಯಾಣ ಅಲ್ಲೇನು? ಬಸವಣ್ಣನವರ ಕಲ್ಯಾಣ ಅದೇ ಏನು?" ಅಲ್ಲಪ್ಪಾ, ಅದು ಬೀದರ ಜಿಲ್ಲೆಯ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿ, ಇದು ಕೊಂಕಣದ ಕಲ್ಯಾಣ, ಹಡಗುಗಳ ಊರು ಎಂದೆ. "ಹಂಗಾದ್ರ ಹಡಗು ಎಲ್ಲಿ ಅದಾವ?" ಎಂದು ಅವನು ಬಾಲ್ಕನಿಯಿಂದ ಬಗ್ಗಿ ನೋಡಿದ. ಕಂಡದ್ದು ರೈಲು ಹಳಿ, ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ.

ಆ ಹಡಗನ್ನು ಹುಡುಕಲು ಒಂದು ಭಾನುವಾರ ಹೊರಟೆವು. ನೀವೂ ಹೊರಡಬಹುದಾದ ದಾರಿ ಅದು.

ಟಿಕೆಟ್ಟಿನ ಊರು, ಬದುಕಿನ ಊರು

ಇತಿಹಾಸವನ್ನು ಗಾಜಿನ ಪೆಟ್ಟಿಗೆಯಿಂದ ಹೊರತೆಗೆದು ಊರಿನಂತೆ ಕಟ್ಟಿ ತೋರಿಸುವ ಪದ್ಧತಿಗೆ ಸ್ವೀಡನ್ನಿನ ಸ್ಟಾಕ್‌ಹೋಮ್ ತವರು. ಕಾರ್ಖಾನೆಗಳು ಬಂದು ಹಳ್ಳಿಯ ಕಸುಬುಗಳು ಕಣ್ಮರೆಯಾಗುತ್ತಿದ್ದ ಕಾಲದಲ್ಲಿ ಆರ್ಟೂರ್ ಹಜೇಲಿಯಸ್ ಎಂಬಾತ ನಾಡಿನ ಮೂಲೆಮೂಲೆಯಿಂದ ಹಳೆಯ ಮನೆಗಳನ್ನು ಬಿಚ್ಚಿ ತಂದು ಒಂದು ಗುಡ್ಡದ ಮೇಲೆ ಮತ್ತೆ ಜೋಡಿಸಿದ. 1891ರಲ್ಲಿ ಅದು 'ಸ್ಕಾನ್ಸೆನ್' ಎಂಬ ಹೆಸರಿನಲ್ಲಿ ತೆರೆಯಿತು. ಹಳೆಯ ಕಾಲದ ಉಡುಪು ತೊಟ್ಟವರು ಅಲ್ಲಿ ಹಳೆಯ ಕೆಲಸಗಳನ್ನು ಮಾಡಿ ತೋರಿಸುತ್ತಾರೆ. ನಮ್ಮಲ್ಲಿ ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರ ಇದೇ ಬಗೆಯದು. ಇಳಕಲ್ ನೇಕಾರರ ಮನೆಯೊಂದು ಅಲ್ಲಿ ಎದ್ದು ನಿಂತಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮವೂ ಬಿಚ್ಚಿ ತಂದ ಮನೆಗಳ ಊರೇ.

ಇವೆಲ್ಲ ಅಗತ್ಯವಾಗಿ ನೋಡಬೇಕಾದ ಜಾಗಗಳು. ಆದರೆ ಸಂಜೆ ಬಾಗಿಲು ಹಾಕಿದ ಮೇಲೆ ಅಲ್ಲಿ ಯಾರೂ ಒಲೆ ಹಚ್ಚುವುದಿಲ್ಲ. ವಿಠ್ಠಲವಾಡಿಯ ಆಚೀಚೆ ಇರುವ ಊರುಗಳಲ್ಲಿ ಟಿಕೆಟ್ಟೂ ಇಲ್ಲ, ವೇಷವೂ ಇಲ್ಲ. ಇತಿಹಾಸದ ಒಳಗೇ ಜನ ಅನ್ನ ಬೇಯಿಸುತ್ತಿದ್ದಾರೆ. ಹಾಗಾಗಿ ನೋಡಲು ಒಂದು ಉಪಾಯ ಬೇಕು. ಮಕ್ಕಳ ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಗೀಚಿಕೊಟ್ಟೆ: ಯಾರು ಮಾಡಿದರು? ಯಾತರಿಂದ ಮಾಡಿದರು? ಇಲ್ಲೇ ಏಕೆ?

ಅಂಬರನಾಥ: ಹೊಳೆಯ ದಂಡೆಯ ಕಪ್ಪು ಕಲ್ಲು

ಬೆಳಗ್ಗೆ ಏಳರ ಒಳಗೆ ಲೋಕಲ್ ಹಿಡಿಯಿರಿ. ವಿಠ್ಠಲವಾಡಿಯಿಂದ ಕರ್ಜತ್ ದಿಕ್ಕಿಗೆ ಉಲ್ಲಾಸನಗರ, ಅದರ ಮುಂದಿನದು ಅಂಬರನಾಥ. ನಿಲ್ದಾಣದ ಪೂರ್ವಕ್ಕೆ, ವಾಲಧುನಿ ಹೊಳೆಯ ದಂಡೆಯಲ್ಲಿ ಶಿವನ ಗುಡಿಯಿದೆ.

ಗುಡಿಯ ಶಾಸನ ಹೇಳುವ ವರ್ಷ ಶಕ 982. ಮಕ್ಕಳಿಗೆ ಲೆಕ್ಕ ಕೊಡಿ: ಶಕವರ್ಷಕ್ಕೆ 78 ಕೂಡಿದರೆ ಕ್ರಿಸ್ತಶಕ. ಉತ್ತರ 1060. ಬೇಲೂರಿನ ಚೆನ್ನಕೇಶವ ನೆಲೆನಿಂತದ್ದು 1117ರಲ್ಲಿ. ಅದಕ್ಕಿಂತ ಇದು 57 ವರ್ಷ ಹಿರಿದು. ಬೇಲೂರು ನೋಡಿದ್ದ ದೊಡ್ಡ ಹುಡುಗಿ, "ಅಲ್ಲಿನಷ್ಟು ನಯ ಇಲ್ಲಿಲ್ಲ" ಎಂದಳು. ಸರಿಯಾಗಿಯೇ ಗಮನಿಸಿದ್ದಳು. ಹೊಯ್ಸಳರ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದು, ಉಳಿ ಓಡಿದಲ್ಲಿ ಓಡುತ್ತದೆ. ಇಲ್ಲಿನದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ತಣ್ಣಗಾಗಿ ಆದ ಕರಿಗಲ್ಲು. ಉಳಿಗೆ ಬಾಗದ ಈ ಕಲ್ಲಿನಲ್ಲಿ ಇಷ್ಟು ಮೂರ್ತಿಗಳನ್ನು ಎಬ್ಬಿಸಿದ ಕೈಗಳ ದುಡಿಮೆಯೇ ಬೇರೆ. 'ಯಾತರಿಂದ' ಎಂಬ ಅಂಕಣ ತುಂಬಿತು.

'ಯಾರು' ಎಂಬ ಅಂಕಣಕ್ಕೆ ಬಂದರೆ ಕನ್ನಡ ಮಕ್ಕಳಿಗೆ ಒಂದು ಬೆರಗು ಕಾದಿದೆ. ಗುಡಿ ಕಟ್ಟಿಸಿದವರು ಉತ್ತರ ಕೊಂಕಣದ ಶಿಲಾಹಾರರು. ಶಾಸನದ ಅರಸು ಮಾಮ್ವಾಣಿ. ಇವರ ಹಿರಿಯರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿದ್ದವರು. ಮುಂಬಯಿಯ ಕಾನ್ಹೇರಿ ಗುಹೆಗಳ 9ನೇ ಶತಮಾನದ ಶಾಸನಗಳಲ್ಲಿ ಶಿಲಾಹಾರರ ಹೆಸರಿನ ಜೊತೆಗೆ ಅವರ ಒಡೆಯನ ಹೆಸರೂ ಇದೆ: ಅಮೋಘವರ್ಷ. ಕವಿರಾಜಮಾರ್ಗದ ನೃಪತುಂಗನೇ! ಕಲಬುರಗಿ ಜಿಲ್ಲೆಯ ಇಂದಿನ ಮಳಖೇಡದಲ್ಲಿ ಕೂತಿದ್ದ ದೊರೆಯ ಮಾತು ಈ ಕರಾವಳಿಯವರೆಗೂ ನಡೆಯುತ್ತಿತ್ತು.

ಗರ್ಭಗುಡಿಗೆ ಮೇಲೇರುವ ಬದಲು ಕೆಳಗಿಳಿಯಬೇಕು. ಮೆಟ್ಟಿಲು ಎಷ್ಟೆಂದು ಮಕ್ಕಳೇ ಎಣಿಸಲಿ. ತಳಕ್ಕೆ ಹೋಗಿ ತಲೆಯೆತ್ತಿದರೆ ಮೇಲೆ ಶಿಖರವಿಲ್ಲ, ಬರಿಯ ಆಕಾಶ. ಇಷ್ಟಾದರೂ ಇದು ಪಾಳುಗುಡಿಯಲ್ಲ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದ್ದೂ ಪೂಜೆ ನಿಂತಿಲ್ಲ; ಮಹಾಶಿವರಾತ್ರಿಗೆ ಇಲ್ಲಿ ದೊಡ್ಡ ಜಾತ್ರೆ ನೆರೆಯುತ್ತದೆ. ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರು ಚಿಕ್ಕವನ ಕೈಗೆ ಬಿಲ್ವಪತ್ರೆ ಇಟ್ಟು ಮುಂದೆ ಹೋದರು. ಅವರಿಗೆ ಅದು ಇತಿಹಾಸವಲ್ಲ, ಆ ಹೊತ್ತಿನ ಪೂಜೆ.

ಉಲ್ಲಾಸನಗರ: ನಂಬರಿನ ಊರು

ಹಿಂದಕ್ಕೆ ಒಂದು ನಿಲ್ದಾಣ. ಇಲ್ಲಿ ವಿಳಾಸ ಕೇಳಿದರೆ ಜನ ಬಡಾವಣೆಯ ಹೆಸರು ಹೇಳುವುದಿಲ್ಲ. 'ಕ್ಯಾಂಪ್ ಮೂರು', 'ಕ್ಯಾಂಪ್ ಐದು' ಎನ್ನುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇದು ಸೈನಿಕರ ತಂಗುದಾಣ, ಹೆಸರು ಕಲ್ಯಾಣ ಕ್ಯಾಂಪ್. 1947ರ ವಿಭಜನೆಯಲ್ಲಿ ಸಿಂಧ್ ಪ್ರಾಂತ ಪಾಕಿಸ್ತಾನಕ್ಕೆ ಸೇರಿತು. ಮನೆಮಠ ಬಿಟ್ಟು ಬಂದ ಸಿಂಧಿಗಳನ್ನು ಖಾಲಿಬಿದ್ದ ಬ್ಯಾರಕ್ಕುಗಳಲ್ಲಿ ಇಳಿಸಿದರು. 1949ರ ಆಗಸ್ಟಿನಲ್ಲಿ ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರ ಕೈಯಿಂದ ಊರಿಗೆ ಉಲ್ಲಾಸನಗರ ಎಂಬ ಹೆಸರು ಬಂತು. ಹೆಸರು ಹೊಸದಾದರೂ ನಂಬರು ಅಳಿಯಲಿಲ್ಲ.

ಬ್ಯಾರಕ್ ಹೇಗಿತ್ತೆಂದು ತೋರಿಸಲು ಇಲ್ಲಿ ಯಾರೂ ಮಾದರಿ ಕಟ್ಟಿಟ್ಟಿಲ್ಲ. ಉದ್ದನೆಯ ಒಂದೇ ಸೂರನ್ನು ಹಲವು ಸಂಸಾರಗಳು ಹಂಚಿಕೊಂಡದ್ದು, ಪಾಪಡ್ ಲಟ್ಟಿಸಿ ಮಾರುತ್ತ ಜೀವನ ಶುರುಮಾಡಿದ್ದು, ಆಮೇಲೆ ಅಂಗಡಿ, ಬಟ್ಟೆ, ಫರ್ನಿಚರ್ ಎಂದು ಬೆಳೆದದ್ದು ಹಳೆಯ ತಲೆಮಾರಿನವರ ನಾಲಿಗೆಯ ಮೇಲಿದೆ. ದಾಲ್ ಪಕ್ವಾನ್ ತಿನ್ನುವ ನೆಪದಲ್ಲಿ ಕೂತರೆ ಕಥೆ ತಾನಾಗಿ ಬರುತ್ತದೆ. ಆದರೆ ಮಕ್ಕಳಿಗೆ ಮೊದಲೇ ಹೇಳಿಡಿ: 'ನೀವು ನಿರಾಶ್ರಿತರೇನು?' ಎಂದು ಕೇಳಬಾರದು. 'ನಿಮ್ಮ ಅಜ್ಜ ಯಾವ ಊರಿನವರು?' ಎಂದು ಕೇಳಿದರೆ ಮುಖ ಅರಳುತ್ತದೆ. ಮುಂಬಯಿಯ ಕನ್ನಡ ಮಕ್ಕಳಿಗೆ ಈ ಪ್ರಶ್ನೆ ಹೊಸದೇನೂ ಅಲ್ಲ, 'ನಿಮ್ಮ ಊರು ಯಾವುದು?' ಎಂದು ಅವರನ್ನು ಎಲ್ಲರೂ ಕೇಳುತ್ತಲೇ ಇರುತ್ತಾರೆ.

ಕಲ್ಯಾಣ: ಹಡಗು ಸಿಕ್ಕ ಜಾಗ

ಬಿಸಿಲು ಏರಿದ್ದರಿಂದ ಮನೆಗೆ ಹೋಗಿ ಉಂಡು ಮಲಗಿ, ನಾಲ್ಕರ ಮೇಲೆ ಕಲ್ಯಾಣಕ್ಕೆ ಹೊರಟೆವು. ಊರಂಚಿನಲ್ಲಿ ಖಾಡಿಯಿದೆ. ಸಮುದ್ರದ ಉಬ್ಬರ ಒಳನಾಡಿನವರೆಗೆ ನುಗ್ಗಿ ಬರುವ ಹೊಳೆಬಾಯನ್ನು ಇಲ್ಲಿ ಖಾಡಿ ಎನ್ನುತ್ತಾರೆ. ದಂಡೆಯ ಮೇಲೆ ದುರ್ಗಾಡಿ ಕೋಟೆ.

'ಇಲ್ಲೇ ಏಕೆ?' ಎಂಬ ಪ್ರಶ್ನೆಗೆ ಇಲ್ಲಿ ನಿಂತರೆ ಉತ್ತರ ಕಣ್ಣಿಗೇ ಕಾಣುತ್ತದೆ. ಗಾಳಿಮಳೆ ತಟ್ಟದ ಒಳನೀರು ಒಂದು ಕಡೆ, ಸಹ್ಯಾದ್ರಿಯ ಘಟ್ಟದ ದಾರಿಗಳು ಇನ್ನೊಂದು ಕಡೆ. ಘಟ್ಟ ಇಳಿದ ಸರಕು ದೋಣಿ ಹತ್ತುವ ಜಾಗ ಇದು. ಕ್ರಿಸ್ತಶಕ 1ನೇ ಶತಮಾನದ ಗ್ರೀಕ್ ನಾವಿಕ ಕೈಪಿಡಿ 'ಪೆರಿಪ್ಲಸ್' ಈ ಊರನ್ನು ಹೆಸರಿಸುತ್ತದೆ: ಹಿಂದೆ ಇದು ಕಾನೂನಿನಂತೆ ನಡೆಯುತ್ತಿದ್ದ ಪೇಟೆ, ಈಗ ಇಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿಟ್ಟು ಭರೂಚಿಗೆ ಸಾಗಿಸುತ್ತಾರೆ ಎಂದು. ಬಂದರಿಗಾಗಿ ಅರಸರು ಕಿತ್ತಾಡಿದ್ದು ಆಗಲೇ! 6ನೇ ಶತಮಾನದಲ್ಲಿ ಕಾಸ್ಮಸ್ ಎಂಬ ವರ್ತಕ ಇಲ್ಲಿನ ಮರದ ದಿಮ್ಮಿ, ಬಟ್ಟೆಗಳ ರಫ್ತನ್ನು ಬರೆದಿಟ್ಟ. 1657ರಲ್ಲಿ ಶಿವಾಜಿ ವಿಜಾಪುರದ ಆದಿಲ್‌ಶಾಹಿಗಳಿಂದ ಕಲ್ಯಾಣವನ್ನು ಕಿತ್ತುಕೊಂಡ. ಮರಾಠ ನೌಕಾಪಡೆಯ ಹಡಗುಗಳ ಕೆಲಸ ಮೊದಲಾದದ್ದು ಈ ಖಾಡಿಯಲ್ಲೇ.

1854ರ ಮೇ 1ರಂದು ರೈಲು ಕಲ್ಯಾಣಕ್ಕೆ ಬಂತು. ಬೋರಿಬಂದರ್‌ನಿಂದ ಠಾಣೆಗೆ ಮೊದಲ ರೈಲು ಓಡಿ ಆಗಿನ್ನೂ ಒಂದು ವರ್ಷ. ಮುಂದೆ ಇಲ್ಲಿ ಹಳಿ ಕವಲೊಡೆದು ಒಂದು ಭೋರ್ ಘಟ್ಟ, ಇನ್ನೊಂದು ಥಳ್ ಘಟ್ಟ ಹತ್ತಿದವು. ವರ್ತಕರು ಎತ್ತಿನ ಮೇಲೆ ಹೇರು ಹಾಕಿ ಇಳಿಯುತ್ತಿದ್ದ ಸಹ್ಯಾದ್ರಿಯನ್ನೇ ರೈಲೂ ದಾಟಬೇಕಿತ್ತು. "ಹಂಗಾದ್ರ ಕಲ್ಯಾಣ ಈಗೂ ಬಂದರೇ ಆತಲ್ಲ, ಮಾಮಾ! ಹಡಗಿನ ಬದ್ಲಿ ರೈಲು" ಎಂದ ಚಿಕ್ಕವನು. ಬೆಳಗಿನಿಂದ ನಾನು ಹೇಳಲು ಹವಣಿಸುತ್ತಿದ್ದುದನ್ನು ಅವನೇ ಹೇಳಿಬಿಟ್ಟ.

ದೊಡ್ಡವಳಿಗೆ ಹಿಡಿಸಿದ್ದು ಬೇರೆ ಕಥೆ. ಕಲ್ಯಾಣದಲ್ಲಿ ಬೆಳೆದ ಯಮುನಾ ಎಂಬ ಹುಡುಗಿ ಒಂಬತ್ತನೇ ವಯಸ್ಸಿಗೆ ಅಂಚೆ ನೌಕರನೊಬ್ಬನ ಹೆಂಡತಿಯಾಗಿ ಆನಂದಿಬಾಯಿ ಜೋಶಿ ಎನಿಸಿಕೊಂಡಳು, 1883ರಲ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದಳು, 1886ರಲ್ಲಿ ಡಾಕ್ಟರಾದಳು. ದೇಶಕ್ಕೆ ಮರಳಿ, 22 ತುಂಬುವ ಮೊದಲೇ ತೀರಿಕೊಂಡಳು.

ಹೊರಡುವ ಮುನ್ನ

ಒಂದು ದಿನಕ್ಕೆ ಮೂರು ಜಾಗ ಸಾಕು. ನಾಲ್ಕನೆಯದು ಮಕ್ಕಳಿಗೆ ಶಿಕ್ಷೆ. ಮೇ ತಿಂಗಳ ಕೊಂಕಣದಲ್ಲಿ ಬಿಸಿಲಿಗಿಂತ ಬೆವರು ಹೆಚ್ಚು ಸುಸ್ತು ಮಾಡುತ್ತದೆ, ನೀರಿನ ಜೊತೆ ಕೋಕಂ ಶರಬತ್ತು ಇರಲಿ. ಯಾರ ಮನೆಯ ಫೋಟೋ ತೆಗೆಯುವುದಿದ್ದರೂ ಕೇಳಿ ತೆಗೆಯಿರಿ. ನೀವು ಭಾಷಣ ಮಾಡಬೇಡಿ, ಮೂರು ಅಂಕಣಗಳೇ ಸಾಕು.

ಕೊನೆಯ ಪುಟ

ಮರಳಿ ವಿಠ್ಠಲವಾಡಿಗೆ. ಹೆಸರೇ ಹೇಳುವಂತೆ ವಿಠ್ಠಲನ ವಾಡಿ; 13ನೇ ಶತಮಾನದ ಜ್ಞಾನೇಶ್ವರರು ಆ ದೇವರನ್ನು ಕನ್ನಡಿಗನೆಂದೇ ಕರೆದಿದ್ದಾರೆ ಎಂದು ಮಕ್ಕಳಿಗೆ ಹೇಳುತ್ತ ಮನೆಯತ್ತ ನಡೆಯುತ್ತಿದ್ದೆ. ಮೂಗು ಮುಚ್ಚಿಕೊಂಡು ದೊಡ್ಡವಳು ನಿಂತಳು. ಕೆಳಗೆ ಕಪ್ಪು ನೀರು, ಪ್ಲಾಸ್ಟಿಕ್ಕು, ನೊರೆ.

"ಇದು ಗಟಾರ ಅಲ್ಲೇನು, ಮಾಮಾ?"

ಅಲ್ಲ, ವಾಲಧುನಿ. ಬೆಳಗ್ಗೆ ಗುಡಿಯ ಪಕ್ಕ ನೋಡಿದ ಅದೇ ಹೊಳೆ. ಅಂಬರನಾಥದಿಂದ ಉಲ್ಲಾಸನಗರ, ವಿಠ್ಠಲವಾಡಿ ದಾಟಿ ಕಲ್ಯಾಣದಲ್ಲಿ ಉಲ್ಹಾಸ್ ನದಿಯನ್ನು ಸೇರುತ್ತದೆ. ದಾರಿಯಲ್ಲಿ ಕಾರ್ಖಾನೆಗಳ ಬಣ್ಣದ ನೀರು, ರಾಸಾಯನಿಕ, ನಮ್ಮೆಲ್ಲರ ಮನೆಯ ಕೊಳಚೆ ಅದಕ್ಕೆ ಕೂಡುತ್ತವೆ. ನಾವು ದಿನವಿಡೀ ಇದರ ಜೊತೆಗೇ ಓಡಾಡಿದ್ದೆವು.

ಅವಳು ನೋಟ್‌ಬುಕ್ ತೆರೆದು ಹೊಸ ಸಾಲು ಎಳೆದಳು. 'ಯಾರು ಮಾಡಿದರು' ಎಂಬಲ್ಲಿ ತುಸು ತಡೆದು 'ನಾವು' ಎಂದು ಬರೆದಳು. 'ಯಾತರಿಂದ' ಎಂಬಲ್ಲಿ ದೊಡ್ಡ ಪಟ್ಟಿ. 'ಇಲ್ಲೇ ಏಕೆ' ಎಂಬ ಜಾಗವನ್ನು ಹಾಗೇ ಬಿಟ್ಟು ನನ್ನ ಮುಖ ನೋಡಿದಳು. ಕಾನ್ಹೇರಿಯ ಶಾಸನದಿಂದ ರೈಲಿನ ತಾರೀಖಿನವರೆಗೆ ಉತ್ತರ ಹೇಳಿದ್ದ ಮಾಮನಿಗೆ ಆಗ ಮಾತು ಹೊರಡಲಿಲ್ಲ.