ಚಾಲಕನಿಲ್ಲದ ರೈಲು, ಹಳಿ ಮೇಲೊಂದು ಪೆಟ್ಟಿಗೆ

1984ರ ಜುಲೈ 17. ಇಂಗ್ಲೆಂಡಿನ ಓಲ್ಡ್ ಡಾಲ್ಬಿ. ಹಳಿಗೆ ಅಡ್ಡಲಾಗಿ ಬಿದ್ದಿದೆ, ಸುಮಾರು 50 ಟನ್‌ನ ಉಕ್ಕಿನ ಪೆಟ್ಟಿಗೆ. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ನುಗ್ಗಿ ಬರ್ತಿದೆ ರೈಲು. ಒಳಗೆ ಚಾಲಕನೇ ಇಲ್ಲ!

ಢಿಕ್ಕಿ. ಎಂಜಿನ್ ನಜ್ಜುಗುಜ್ಜು. ಹೇಗೂ ಗುಜರಿಗೆ ಹೋಗೋ ಎಂಜಿನ್ ಬಿಡಿ. ಪೆಟ್ಟಿಗೆಗೆ? ಮೈ ತರಚಿತಷ್ಟೇ, ಮುಚ್ಚಳ ಬಿಗಿಯಾಗೇ ಇತ್ತು.

ಅಣುಸ್ಥಾವರದಲ್ಲಿ ಬಳಸಿದ ಇಂಧನ ಸಾಗಿಸೋದು ಇಂಥ ಪೆಟ್ಟಿಗೆಯಲ್ಲೇ. ಆವತ್ತಿನ ಢಿಕ್ಕಿ ಬೇಕಂತಲೇ ಮಾಡಿದ ಪರೀಕ್ಷೆ; ಒಳಗೆ ಅಸಲಿ ಇಂಧನ ಇರಲಿಲ್ಲ, ಗಾಬರಿ ಬೇಡ. ರೈಲು ಹತ್ತೋಕೆ ಮುಂಚೆ ಇಂಧನವು ಕೊಳದ ನೀರಲ್ಲಿ ತಿಂಗಳುಗಟ್ಟಲೆ ತಣಿಯಬೇಕು. ಆಮೇಲೆ ನೀರೊಳಗೇ ಪೆಟ್ಟಿಗೆ ತುಂಬಿ, ಮೇಲೆತ್ತಿ, ಬೋಲ್ಟ್ ಬಿಗಿದು, ಸೋರಿಕೆ ನೋಡಿ, ಹೊರಮೈ ತೊಳೆದು ವಿಕಿರಣ ಅಳೀತಾರೆ.

ಪೆಟ್ಟಿಗೆಯ ವಿನ್ಯಾಸಕ್ಕೂ ಪರೀಕ್ಷೆ ಇದೆ: 9 ಮೀಟರ್ ಮೇಲಿಂದ ಬೀಳಬೇಕು, 800 ಡಿಗ್ರಿ ಬೆಂಕಿಯಲ್ಲಿ ಅರ್ಧ ಗಂಟೆ ಬೇಯಬೇಕು.