ಮನೆ ಬಿಟ್ಟು ಪಟ್ಟಣಕ್ಕೆ ಓಡಿದ ಹುಡುಗ



ಬೀಜ, ಗೊಬ್ಬರ, ಕೀಟಗಳ ವಿಷಯವಾಗಿ ನಿಮ್ಮೊಡನೆ ಮಾತಾಡುವದು ನನ್ನ ರೂಢಿ. ಈ ಸಲ ಬೆಳೆಯುವ ಮಕ್ಕಳ ವಿಷಯವಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ.

ಹೋದ ಹಿಂಗಾರಿಯಲ್ಲಿ ಕಡಲೆ ನೋಡಲು ಮುನವಳ್ಳಿಯ ಹತ್ತಿರದ ಒಂದು ಹೊಲಕ್ಕೆ ಹೋಗಿದ್ದೆ. ಆ ಹೊಲದ ರೈತರು ಬದುವಿನ ಮೇಲೆ ಸುಮ್ಮನೆ ಕುಳಿತಿದ್ದರು. ಅವರ ಹದಿನಾರು ವರ್ಷದ ಮಗ ಧಾರವಾಡಕ್ಕೆ ಹೋಗಿ ರೈಲು ಹತ್ತಿ ಎಂಟು ದಿನಗಳಾಗಿದ್ದವು. "ಸಾಹೇಬರ, ಉಣ್ಣಾಕ ಉಡಾಕ ನಾ ಏನ ಕಡಿಮಿ ಮಾಡಿದ್ದೆ?" ಎಂದು ಕೇಳಿದರು. ನನಗೆ ಆಗ ಉತ್ತರ ಹೊಳೆಯಲಿಲ್ಲ.

ನಮ್ಮ ಸೀಮೆಯಲ್ಲಿಯೇ ನಡೆದ ಒಂದು ಹಳೆಯ ಸಂಗತಿಯನ್ನು ನೋಡಿರಿ. 1933ರಲ್ಲಿ ಗದಗಿನ ಶಾಲಾ ಮಾಸ್ತರರೊಬ್ಬರ 11 ವರ್ಷದ ಮಗ ಮನೆ ಬಿಟ್ಟು ಓಡಿದ. ಅನ್ನಕ್ಕೆ ಇನ್ನಷ್ಟು ತುಪ್ಪ ಬಡಿಸಲಿಲ್ಲವೆಂಬ ಸಿಟ್ಟಿನಿಂದ ಹೋದನೆಂದು ಹೇಳುತ್ತಾರೆ. ಆದರೆ ತುಪ್ಪ ಬರಿಯ ನೆವ. ಅಬ್ದುಲ್ ಕರೀಂ ಖಾನರ ಗ್ರಾಮಫೋನ ತಟ್ಟೆ ಕೇಳಿದಂದಿನಿಂದ ಸಂಗೀತ ಕಲಿಯಬೇಕೆಂಬ ಹಂಬಲ ಅವನ ಮನಸ್ಸನ್ನು ಹಿಡಿದಿತ್ತು. ಗುರುವನ್ನು ಹುಡುಕುತ್ತ ಗ್ವಾಲಿಯರ, ದಿಲ್ಲಿ, ಕಲಕತ್ತೆ ಎಂದು ಅಲೆದ. ಕಲಕತ್ತೆಯಲ್ಲಿ ಚಿತ್ರನಟ ಪಹಾಡಿ ಸನ್ಯಾಲರ ಮನೆಯಲ್ಲಿ ಕೆಲಸಕ್ಕೂ ನಿಂತ. ಕೊನೆಗೆ ತಂದೆ ಅವನನ್ನು ಪಂಜಾಬದ ಜಲಂಧರದಲ್ಲಿ ಪತ್ತೆ ಹಚ್ಚಿ ಕರೆತಂದರು. ಅಷ್ಟೆಲ್ಲ ಅಲೆದವನಿಗೆ 1936ರಲ್ಲಿ ಗುರು ದೊರೆತದ್ದು ನಮ್ಮ ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ! ಆ ಗುರು ಸವಾಯಿ ಗಂಧರ್ವರು. ಆ ಹುಡುಗ, 2008ರಲ್ಲಿ ಭಾರತರತ್ನ ಘೋಷಣೆಯಾದ ಪಂಡಿತ ಭೀಮಸೇನ ಜೋಶಿಯವರು.

ಇದರಿಂದ ತಿಳಿಯಬೇಕಾದದ್ದು ಇಷ್ಟು. ಜಗಳ ಯಾವುದಕ್ಕೇ ಆಗಿರಲಿ, ಓಡುವ ಹುಡುಗನ ಮನಸ್ಸಿನಲ್ಲಿ ಬೇರೊಂದು ಬೇಡಿಕೆ ಇರುತ್ತದೆ. "ನಾನು ಯಾರು, ನನ್ನಿಂದ ಏನಾದೀತು" ಎಂಬುದನ್ನು ಅವನು ಹುಡುಕುತ್ತಿರುತ್ತಾನೆ. ಅನೇಕ ಸಲ ಅದು ಮನೆಯ ಹತ್ತಿರವೇ ಸಿಕ್ಕೀತು. ಕೇಳುವವರು ಬೇಕು.

ಆದರೆ ಓಡಿದವರೆಲ್ಲ ಭೀಮಸೇನರಾಗುವದಿಲ್ಲ. ಪಟ್ಟಣದಲ್ಲಿ ಕಿಸೆಯ ದುಡ್ಡು ಎರಡು ದಿನಕ್ಕೆ ತೀರುತ್ತದೆ. ಆಗ ನಿಲ್ದಾಣದಲ್ಲಿ "ಊಟ ಕೊಡುತ್ತೇನೆ, ಕೆಲಸ ಕೊಡುತ್ತೇನೆ" ಎನ್ನುವವನು ಎದುರಾಗುತ್ತಾನೆ. 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವದು, 18ರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವದು ಅಪರಾಧ. ಆದ್ದರಿಂದ ಇಂಥ ಧಣಿ ಹುಡುಗನನ್ನು ಗುಟ್ಟಾಗಿ ಇಡುತ್ತಾನೆ. ಕೂಲಿ ಕೊಡದಿದ್ದರೂ ಹುಡುಗ ಯಾರಿಗೂ ಹೇಳಲಾರ. ಹೆಣ್ಣುಮಕ್ಕಳಿಗಂತೂ ಗಂಡಾಂತರ ಇನ್ನೂ ಹೆಚ್ಚು.

ಮಗ ಅಥವಾ ಮಗಳು ಕಾಣದಾದರೆ ಹೀಗೆ ಮಾಡಿರಿ:

1. ಮರ್ಯಾದೆಗೆ ಅಂಜಿ ತಡ ಮಾಡಬೇಡಿರಿ. ಆ ದಿನವೇ ಪೋಲೀಸ ಠಾಣೆಗೆ ಹೋಗಿ ದೂರು ಕೊಡಿರಿ. ಕಾಣೆಯಾದ ಮಕ್ಕಳ ದೂರನ್ನು ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಆಜ್ಞೆ ಮಾಡಿದೆ. ಹೋಗುವಾಗ ಇತ್ತೀಚಿನ ಫೋಟೊ ಒಯ್ಯಿರಿ. ಉಟ್ಟ ಬಟ್ಟೆಯ ಗುರುತು ಹೇಳಿರಿ.

2. 1098ಕ್ಕೆ ಫೋನು ಮಾಡಿರಿ. ಇದು ಮಕ್ಕಳ ಸಹಾಯವಾಣಿ. ಹಗಲು-ರಾತ್ರಿ ನಡೆಯುತ್ತದೆ, ಖರ್ಚಿಲ್ಲ. ಹುಡುಗ ತಾನೇ ಫೋನು ಮಾಡಿದರೂ ಸಹಾಯ ದೊರೆಯುತ್ತದೆ. ಈ ನಂಬರನ್ನು ಮಕ್ಕಳಿಗೆ ಇಂದೇ ಬಾಯಿಪಾಠ ಮಾಡಿಸಿರಿ.

3. ಅವನ ಗೆಳೆಯರನ್ನು ಗದರಿಸದೆ ವಿಚಾರಿಸಿರಿ. ಎಲ್ಲಿಗೆ ಹೋದನೆಂಬುದು ಅವರಿಗೆ ಗೊತ್ತಿದ್ದೀತು.

ಪೋಲೀಸರಿಗೆ ಸಿಕ್ಕ ಹುಡುಗನನ್ನು ಸೆರೆಮನೆಗೆ ಹಾಕುತ್ತಾರೆಂದು ಹೆದರಬೇಡಿರಿ. 2015ರ ಕಾನೂನಿನ ಪ್ರಕಾರ, ದಾರಿಯ ವೇಳೆ ಬಿಟ್ಟು 24 ತಾಸಿನೊಳಗೆ ಅವನನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯವರು ವಿಚಾರಿಸಿ ತಂದೆ-ತಾಯಿಗಳಿಗೆ ಒಪ್ಪಿಸುತ್ತಾರೆ.

ಆ ರೈತರ ಮಗ ಇಪ್ಪತ್ತು ದಿನಗಳ ಮೇಲೆ ಪುಣೆಯಲ್ಲಿ ಸಿಕ್ಕ. ಕರೆತಂದ ದಿನ ತಂದೆ ಕೈ ಎತ್ತಲಿಲ್ಲ. ತಾಯಿ ರೊಟ್ಟಿ ಬಡಿದು ಹಾಕಿದರು. ಉಂಡ ಮೇಲೆ ಹುಡುಗ ಬಾಯಿ ಬಿಟ್ಟ. ಟ್ರ್ಯಾಕ್ಟರು ರಿಪೇರಿ ಕಲಿಯುವ ಆಸೆ ಅವನಿಗೆ. ಎರಡು ಸಲ ಹೇಳಲು ಬಂದಿದ್ದನಂತೆ. ಎರಡು ಸಲವೂ "ಮೊದಲ ಎತ್ತಿಗೆ ನೀರ ಕುಡಿಸು, ಹೋಗು" ಎಂಬ ಉತ್ತರ ಸಿಕ್ಕಿತ್ತು. ತಂದೆ ತಲೆ ತಗ್ಗಿಸಿದರು. 14 ವರ್ಷ ತುಂಬಿದ ಮಕ್ಕಳು ಐ.ಟಿ.ಐ. ಸೇರಿ ಇಂಥ ಕೆಲಸ ಕಲಿಯಬಹುದೆಂದು ನಾನು ಹೇಳಿದೆ. ಈಗ ಆ ಹುಡುಗ ಅರ್ಜಿ ತುಂಬಿದ್ದಾನೆ.

ಬಾಂಧವರೇ, ಬೆಳೆಯ ಎಲೆ ಹಳದಿಯಾದರೆ ನೀವು ಕೂಡಲೆ ಬುಡಕ್ಕೆ ಬಾಗಿ ಮಣ್ಣು ಕೆದರಿ ನೋಡುತ್ತೀರಿ. ಮನೆಯಲ್ಲಿ ಮಾತು ಕಡಿಮೆ ಮಾಡಿದ ಮಗನ ಬಳಿಯೂ ಹಾಗೆಯೇ ಕುಳಿತುಕೊಳ್ಳಿರಿ. ಇಂದು ರಾತ್ರಿ ಊಟಕ್ಕೆ ಕುಳಿತಾಗ, "ನಿನಗ ಏನ ಆಗಬೇಕಂತ ಐತಿ?" ಎಂದು ಒಮ್ಮೆ ಕೇಳಿರಿ, ಅವನು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕಬೇಡಿರಿ.